ಎರಡು ಬುಟ್ಟಿ ದಿವಾನಿ ಉಸುಕು

ನಾನು ಒಂದು ಕಡೆ ಸುಮ್ಮನೆ ಕೂತವಳಲ್ಲ. ನರ್ಸ್ ಕೆಲಸ ಕಲಿತ ಮೇಲೆ ಪುಣೆ ಬಿಟ್ಟು ಮುಂಬಯಿ, ಮುಂಬಯಿ ಬಿಟ್ಟು ಕರಾಚಿ. ಅಲ್ಲಿಂದ ಒಬ್ಬ ಪಾರ್ಸಿ ಬಾಣಂತಿಯ ಜೊತೆ ಹಡಗು ಹತ್ತಿ ಏಡನ್, ಇನ್ನೊಬ್ಬಳ ಜೊತೆ ರಂಗೂನ್. ಅಷ್ಟು ತಿರುಗಿದರೂ ನನ್ನನ್ನು ತಡೆದು ನಿಲ್ಲಿಸಿದವರು ಕಡಿಮೆ. ಸೇಡಂನಿಂದ ಚಿತ್ತಾಪುರದ ದಾರಿಗೆ ಎತ್ತಿನ ಬಂಡಿ ಹೂಡಿಸಿದ ದಿನದಿಂದ ಮಾತ್ರ "ಎಲ್ಲಿಂದ ಬಂದ್ರಿ, ಎಲ್ಲಿಗಿ ಹೊಂಟೀರಿ, ಪರವಾನಗಿ ಅದೇನು" ಎನ್ನುವ ಮಾತು ತಪ್ಪಲಿಲ್ಲ. ನಿಜಾಮರ ಕಾಲದ ನಮ್ಮ ಸೀಮೆಯಲ್ಲಿ ನೆಲ ಎಷ್ಟು ತುಂಡಾಗಿತ್ತೆಂದರೆ, ಉದ್ದನೆಯ ಮನುಷ್ಯ ಕಾಲು ಚಾಚಿ ಮಲಗಿದರೆ ಎರಡು ಕಚೇರಿಗಳಿಗೆ ಸೇರಿಬಿಡುತ್ತಿದ್ದ. ಆದ್ದರಿಂದ ಇಂಥ ಪ್ರಸಂಗಗಳನ್ನು ನಾನು ಹುಡುಕಿಕೊಂಡು ಹೋಗಲಿಲ್ಲ. ಬಂಡಿ ಹೊರಟರೆ ಸಾಕು, ಅವೇ ಎದುರು ಬರುತ್ತಿದ್ದವು.

ಸೇಡಂ ದವಾಖಾನೆಗೆ ಸೇರಿದ ದಿನ ಡಾಕ್ಟರ್ ಸಾಹೇಬರು ನನ್ನನ್ನು ಕೂರಿಸಿ ರಾಜ್ಯದ ನಕ್ಷೆಯನ್ನು ಬಾಯಿಮಾತಿನಲ್ಲೇ ಬಿಡಿಸಿದರು.

"ನೋಡ್ರಿ ಬಾಯಾರ, ಈ ರಾಜ್ಯ ಅಂದ್ರ ಒಂದು ಕೌದಿ ಇದ್ದಂಗ. ದೊಡ್ಡ ತುಂಡಿಗಿ ಸುಬಾ ಅಂತಾರ. ಸುಬಾದಾಗ ಜಿಲ್ಲಾ, ಜಿಲ್ಲಾದಾಗ ತಾಲೂಕು. ಇಷ್ಟ ಇದ್ರ ಛಲೋ ಇತ್ತು. ನಡುನಡುವ ತ್ಯಾಪಿ ಹಚ್ಯಾರ. ಸರಕಾರದ ತ್ಯಾಪಿಗಿ ದಿವಾನಿ ಅಂತಾರ. ದೊಡ್ಡ ಅಮೀರರ ತ್ಯಾಪಿಗಿ ಪಾಯಗಾ. ಸಣ್ಣ ಸಣ್ಣ ತ್ಯಾಪಿ ಜಾಗೀರದಾರರವು. ಒಂದೊಂದಕ್ಕೂ ಅದರದ ಪೊಲೀಸು, ಅದರದ ಕಚೇರಿ. ನೀವು ದಿವಾನಿ ನರ್ಸು. ದಿವಾನಿ ನೆಲದಾಗ ಎಷ್ಟರ ತಿರಗ್ರಿ. ಹದ್ದು ದಾಟಬ್ಯಾಡ್ರಿ."

ಹದ್ದು ಎಂದರೆ ಅಲ್ಲಿಯವರಿಗೆ ಗಡಿ. "ದಾಟಿದ್ರ?" ಅಂದೆ.

"ಫಿರ್ಯಾದ ಬರ್ತದ. ಆ ಕಡಿಯವರ ಸಮನ್ಸು ನಿಮ್ಮ ಕೈಗಿ ಮುಟ್ಟಿತಂದ್ರ ನಿಮ್ಮ ನೌಕರಿ ಹೋಯ್ತು. ನಾ ಏನೂ ಮಾಡ್ಲಿಕ್ಕಾಗಂಗಿಲ್ಲ."

ನೌಕರಿ ಹೋದರೆ ನನಗಿದ್ದ ಜಾಗ ಒಂದೇ: ಕಲಬುರ್ಗಿಯಲ್ಲಿ ವಕೀಲನಾಗಿದ್ದ ಅಣ್ಣನ ಮನೆ. ಅವನು ಕೆಟ್ಟವನಲ್ಲ. ಆದರೆ ಗಂಡ ಸತ್ತ ತಂಗಿ ಬಂಡಿ ಹತ್ತಿ ಊರೂರು ಅಲೆಯುವುದು ಅವನ ಮನಸ್ಸಿಗೆ ಒಗ್ಗಿರಲಿಲ್ಲ. "ಹೋಗು, ಮಾಡು. ಆದ್ರ ಒಂದ ಒಂದು ಫಿರ್ಯಾದ ಬಂತಂದ್ರ ಸೀದಾ ನಮ್ಮನಿಗಿ ಬಾ. ಮಡಿ ಅಡಗಿಗಿ ನಿಮ್ಮ ವೈನಿಗೂ ಒಬ್ಬರ ಆಸರ ಬೇಕು" ಅಂದಿದ್ದ. ಆ ಅಡಿಗೆಮನೆಯನ್ನು ನಾನು ಬಲ್ಲೆ. ಅದಕ್ಕೊಂದು ಕಿಟಕಿ ಇತ್ತು. ಅದನ್ನು ತೆರೆದರೆ ಪಕ್ಕದ ಮನೆಯ ಗೋಡೆ ಕಾಣುತ್ತಿತ್ತು.

ಏಡನ್ ನೋಡಿದ ಕಣ್ಣಿಗೆ ಆ ಗೋಡೆ ಬೇಡವಾಗಿತ್ತು. ಹದ್ದು ದಾಟುವುದಿಲ್ಲ ಎಂದು ಡಾಕ್ಟರ್ ಸಾಹೇಬರಿಗೆ ಮಾತು ಕೊಟ್ಟೆ. ಆದರೆ ಬಸುರಿಯರು ಹದ್ದು ನೋಡಿ ಹಡೆಯುವುದಿಲ್ಲವಲ್ಲ.

ತಲೆ ಯಾವ ಕಡೆ?

ನನ್ನ ಜೊತೆಗೆ ದವಾಖಾನೆಯವರು ಕೊಟ್ಟವಳು ಮಳಖೇಡದ ಒಬ್ಬ ಮುದುಕಿ. ಕಾಗಿಣಾ ದಂಡೆಯ ಅಂಬಿಗರ ಮನೆಯವಳು, ನಾನು ಹುಟ್ಟುವುದಕ್ಕೆ ಮೊದಲೇ ಸೂಲಗಿತ್ತಿಯಾದವಳು. ಎಲ್ಲರೂ ಅವಳನ್ನು ಆಯಿ ಅನ್ನುತ್ತಿದ್ದರು. ಆಯಿಯ ಕೈ ಹಗುರ, ನಾಲಿಗೆ ಭಾರ.

ಮೊದಲ ದೌರೆಯ ತಿರುಗಾಟದಲ್ಲೇ ನಮಗೊಂದು ಮನೆ ಸಿಕ್ಕಿತು. ತಾತ ಕಟ್ಟಿದ ಮುಂದಿನ ಪಡಸಾಲೆ ದಿವಾನಿಯಲ್ಲಿತ್ತು. ಮೊಮ್ಮಕ್ಕಳು ಹಿಂದೆ ಬೆಳೆಸಿದ ಕೋಣೆ ಪಾಯಗಾದಲ್ಲಿತ್ತು. ನಡುವಿನ ಹೊಸ್ತಿಲೇ ಹದ್ದು. ಹಡೆಯುವವಳು ಹಿಂದಿನ ಕತ್ತಲೆ ಕೋಣೆಯಲ್ಲಿ ಹಗ್ಗ ಹೆಣೆದ ಹೊರಸಿನ ಮೇಲೆ ಮಲಗಿದ್ದಳು. "ಈಕಿನ್ನ ಪಡಸಾಲಿಗಿ ತರ್ರಿ" ಅಂದೆ. ಮನೆಯವರು ಹೊರಸು ಎತ್ತಿ, ಕಾಲ ಕಡೆ ಮುಂದು ಮಾಡಿ, ಪಡಸಾಲೆಗೆ ದೂಡಿದರು.

ಅತ್ತೆ ಬಾಗಿಲಿಗೆ ಅಡ್ಡ ನಿಂತಳು. "ಉತ್ತರಕ್ಕ ತಲಿ ಮಾಡಿ ಮಲಗಸ್ತೀರೇನು? ನನ್ನ ಸೊಸಿ ಇನ್ನಾ ಬದುಕ್ಯಾಳ!"

ಅದು ನಿಜವೇ. ಉತ್ತರಕ್ಕೆ ತಲೆ ಹಾಕುವುದು ಹೆಣಕ್ಕೆ. ಹೊರಸು ಹಿಂದಕ್ಕೆ ಎಳೆದು, ತಿರುಗಿಸಿ, ತಲೆ ಕಡೆ ಮುಂದು ಮಾಡಿ ಮತ್ತೆ ದೂಡಿದರು. ಅರ್ಧಕ್ಕೆ ಬಂದ ಹೊರಸು ಬಾಗಿಲ ಚೌಕಟ್ಟಿನಲ್ಲಿ ಸಿಕ್ಕಿಕೊಂಡಿತು. ಮುಂದಕ್ಕೂ ಇಲ್ಲ, ಹಿಂದಕ್ಕೂ ಇಲ್ಲ. ಅವಳ ತಲೆ ದಿವಾನಿಯಲ್ಲಿ, ಕಾಲು ಪಾಯಗಾದಲ್ಲಿ. ಇಷ್ಟರಲ್ಲಿ ನೋವು ಜೋರಾಯಿತು. ನಾನು ಹೊರಸನ್ನೇ ಹತ್ತಿ, ಅದರ ಕಾಲ ಕಡೆಗೆ ಮೊಳಕಾಲೂರಿ ಕೂತೆ.

ಆಗಲೇ ಹಿಂದಿನ, ಪಾಯಗಾ ಕಡೆಯ ಅಂಗಳದಲ್ಲಿ ಕುದುರೆಯ ಸಪ್ಪಳ. ಪಾಯಗಾದ ಜಮಾದಾರರು. ಎತ್ತರದ ಆಳು, ತಿರುವಿದ ಮೀಸೆ, ಎದೆ ಮೇಲೆ ಹಿತ್ತಾಳೆ ಬಿಲ್ಲೆ. ದಿವಾನಿ ನರ್ಸ್ ತಮ್ಮ ಕಡೆ ಬಂದಿದ್ದಾಳೆ ಎಂದು ಯಾರೋ ಅವರ ಕಿವಿಗೆ ಹಾಕಿದ್ದರು. ಮನುಷ್ಯ ಮರ್ಯಾದಸ್ಥ. ಹೆಂಗಸರ ಕೋಣೆ ಎಂದು ಅಂಗಳದಲ್ಲೇ ನಿಂತು, ಮನೆಗೆ ಬೆನ್ನು ಮಾಡಿ, ಬೇವಿನ ಮರವನ್ನೇ ವಿಚಾರಣೆ ಮಾಡುವವರ ಹಾಗೆ ಕೂಗಿದರು.

"ಬಾಯಾರ, ಹಡಿಯಾಕಿ ಎಲ್ಲಿದ್ದಾಳ?"

"ತಲಿ ದಿವಾನಿದಾಗ ಅದರಿ."

ಸ್ವಲ್ಪ ಯೋಚಿಸಿದರು. "ಮನುಷ್ಯಾನ ತಲಿ ಎಲ್ಲೋ ಮನುಷ್ಯಾ ಅಲ್ಲೇ. ಛಲೋ. ನಿಮ್ಮ ಕಾಲು ಎಲ್ಲವ?"

"ಹೊರಸಿನ ಮ್ಯಾಲ ಅವರಿ. ನೆಲಕ್ಕ ಹತ್ತಿಲ್ಲ."

ಈಗ ಇನ್ನೂ ಹೆಚ್ಚು ಹೊತ್ತು ಯೋಚಿಸಿದರು. "ನೆಲ ನಮ್ಮದು. ಹೊರಸು ನಮ್ಮದಲ್ಲ. ನೆಲಕ್ಕ ಕಾಲು ಹತ್ತಿಲ್ಲಂದ್ರ ಗುನ್ಹೆ ಆಗಂಗಿಲ್ಲ."

ನನಗೆ ಹೋದ ಜೀವ ಬಂದಂತಾಯಿತು. ಆದರೆ ಅವರ ಮನಸ್ಸಿಗೆ ಇನ್ನೂ ಒಂದು ಸಂಶಯ ಉಳಿದಿತ್ತು. ಒಳಗೆ ಅವಳು ಚೀರುತ್ತಿದ್ದಾಗಲೇ ಕೇಳಿದರು: "ಬಾಯಾರ, ತಾಯಿ ತಲಿ ದಿವಾನಿ ಕಡಿ ಅಂದ್ರಿ. ಮತ್ತ ಕೂಸು ಯಾ ಕಡಿಂದ ಬರ್ಲಿಕತ್ತದ?"

ಆಯಿಗೆ ತಡೆಯಲಿಲ್ಲ. ಕೈಯಲ್ಲಿ ಬಿಸಿನೀರಿನ ತಪ್ಪಲೆ ಹಿಡಿದುಕೊಂಡೇ ಕಿಟಕಿಗೆ ಹೋಗಿ ಅಂದಳು: "ತಲಿ ಕಡಿಂದಂತೂ ಬರಂಗಿಲ್ಲ, ಜಮಾದಾರ! ನಿಮ್ಮವ್ವ ಇದ್ರ ಮನಿಗಿ ಹೋಗಿ ಕೇಳ್ರಿ!"

ಬೊಂಬಾಯಿ ಹುಕ್ಕಾ

ಚಿಂಚೋಳಿ ದಿವಾನಿಯದೇ. ಆದರೆ ಅಲ್ಲಿಗೆ ಹೋಗುವ ದಾರಿಯ ನಡುವೆ ಒಂದು ಜಾಗೀರಿನ ಪಟ್ಟಿ ಹಾದಿತ್ತು; ದಾರಿಹೋಕರಾಗಿ ಹಾಯಲು ಮಾತ್ರ ನಮಗೆ ಅಪ್ಪಣೆಯಿತ್ತು. ಅದರ ಅಗಲ ಎಷ್ಟು ಅಂದರೆ, ನಮ್ಮ ಬಂಡಿಯ ಎತ್ತು ಅದರಿಂದ ಹೊರಬಿದ್ದ ಮೇಲೂ ಚಕ್ರ ಇನ್ನೂ ಒಳಗೆ ಬಂದಿರುತ್ತಿರಲಿಲ್ಲ ಎಂದು ಆಯಿ ಹೇಳುತ್ತಿದ್ದಳು. ಅಷ್ಟಕ್ಕೂ ಒಂದು ನಾಕಾ, ಒಂದು ಅಡ್ಡಗಟ್ಟಿದ ಬಿದಿರು, ಒಬ್ಬ ನಾಕೇದಾರ.

ಆ ಮಹಾಶಯ ನನ್ನ ಚೀಲ ಬಿಚ್ಚಿಸಿದ. ಕತ್ತರಿ, ಹತ್ತಿ, ಸಾಬೂನು ಎಲ್ಲ ಬಿಟ್ಟ. ಕೊನೆಗೆ ಎನಿಮಾ ಡಬ್ಬಿಯನ್ನು ಎತ್ತಿ ಹಿಡಿದ. ಬಿಳಿಯ ಡಬ್ಬಿ, ಉದ್ದನೆಯ ರಬ್ಬರ್ ನಳಿಗೆ, ತುದಿಗೆ ಕರಿಯ ಮೂತಿ. ಅವನ ಕಣ್ಣು ಅರಳಿದವು.

"ಬೊಂಬಾಯಿ ಹುಕ್ಕಾ!"

"ಹುಕ್ಕಾ ಅಲ್ರಿ" ಅಂದೆ. "ದವಾಖಾನಿ ಸಾಮಾನು."

"ನಾ ಹೈದರಾಬಾದ ನೋಡ್ಯಾಂವ, ಬಾಯಾರ. ನವಾಬರ ಮನಿ ಹುಕ್ಕಾ ನೋಡೀನಿ. ಹೊಸಾ ನಮೂನಿ ಹುಕ್ಕಾ ಕದ್ದು ಒಯ್ಯಲಿಕತ್ತೀರಿ. ಮ್ಯಾಲಿನವರಿಗಿ ಬರದು ಕಳಸ್ತೀನಿ. ಫಿರ್ಯಾದ ಮಾಡ್ತೀನಿ."

ಫಿರ್ಯಾದ ಎಂದ ಕೂಡಲೇ ನನ್ನ ಕಣ್ಣಿಗೆ ಅಣ್ಣನ ಅಡಿಗೆಮನೆಯ ಕಿಟಕಿ ಕಂಡಿತು. ನಾನು ಗೋಗರೆಯುತ್ತಿದ್ದಂತೆ ಅವನು ಸಾಬೀತು ಮಾಡಿಯೇ ತೋರಿಸುತ್ತೇನೆಂದು ಡಬ್ಬಿಯನ್ನು ಮೊಳಕಾಲ ಮೇಲೆ ಇಟ್ಟು, ನಳಿಗೆಯ ಮೂತಿಯನ್ನು ತುಟಿಗೆ ಹಚ್ಚಿ, ಗಲ್ಲ ಒಳಗೆ ಹೋಗುವಂತೆ ಒಂದು ದಮ್ಮು ಎಳೆದ. ಸುತ್ತಲಿದ್ದ ನಾಲ್ಕು ಜನ ಹೊಗೆಗಾಗಿ ಕಾದರು.

"ಎಳದ್ರ ಏನೂ ಬರವಲ್ತು" ಅಂದ.

ಆಯಿ ಬಂಡಿಯಿಂದ ಇಳಿಯಲೂ ಇಲ್ಲ. "ಅದನ್ನ ಬಾಯಿಗಿ ಇಡೂದಲ್ಲಪ್ಪಾ."

"ಮತ್ತೆಲ್ಲಿ ಇಡೂದು?"

ಆಯಿ ಹೇಳಿದಳು. ಅಂಬಿಗರ ಹೆಂಗಸು, ನದಿಯ ಈ ದಂಡೆಯಿಂದ ಆ ದಂಡೆಗೆ ಮಾತಾಡಿ ರೂಢಿ. ನಾಕಾದಲ್ಲಿದ್ದ ಎಲ್ಲರಿಗೂ ಸ್ಪಷ್ಟವಾಗಿ ಕೇಳಿಸಿತು.

ನಾಕೇದಾರ ಬಾವಿಯ ಕಡೆ ಓಡಿದ. ಬಾಯಿ ಮುಕ್ಕಳಿಸಿ, ಮುಕ್ಕಳಿಸಿ, ಕಣ್ಣು ಕೆಂಪು ಮಾಡಿಕೊಂಡು ಬಂದ ಮೇಲೆ ನಾನು ಮೆಲ್ಲಗೆ ಕೇಳಿದೆ: "ಫಿರ್ಯಾದ ಬರೀತೀರೇನ್ರಿ?"

"ಏನಂತ ಬರೀಲಿ, ಬಾಯಾರ?" ಅಂದ. ತಾನೇ ಹೋಗಿ ಬಿದಿರು ಎತ್ತಿದ. ಮುಂದೆ ಎಷ್ಟೋ ವರ್ಷ ಆ ದಾರಿಯಲ್ಲಿ ಓಡಾಡಿದೆ. ನನ್ನ ಬಂಡಿ ದೂರದಲ್ಲಿ ಕಂಡರೆ ಸಾಕು, ಬಿದಿರು ತಂತಾನೇ ಮೇಲೇಳುತ್ತಿತ್ತು.

ಅಕ್ಕ ತಂಗಿ ಕಲ್ಲು

ಶಹಾಬಾದ್ ಕಡೆ ಎಲ್ಲಿ ಅಗೆದರೂ ಕಲ್ಲು. ಹಾಸುಗಲ್ಲಿನ ಗಣಿಗಳಲ್ಲಿ ಗಂಡಸರು, ಹೆಂಗಸರು ಎಲ್ಲರಿಗೂ ಕೆಲಸ. ಅಂಥ ನಾಡಿನಲ್ಲಿ ಹದ್ದಿಗೆ ಕಲ್ಲು ನೆಟ್ಟರೆ ಅದನ್ನು ಗುರುತಿಸುವವರಾರು? ಭಂಕೂರದ ಹತ್ತಿರ ದಿವಾನಿಗೂ ಪಾಯಗಾಕ್ಕೂ ನಡುವೆ ಇದ್ದ ಹದ್ದಿನ ಕಲ್ಲು ಹಾಗೇ ಅನಾಥವಾಗಿ ನಿಂತಿತ್ತು. ಗಣಿಯ ಹೆಂಗಸೊಬ್ಬಳು ಅದರ ಪಕ್ಕದಲ್ಲೇ ಹಡೆದಳು. ಕಷ್ಟದ ಹೆರಿಗೆ, ಎರಡು ಜೀವವೂ ಉಳಿದವು. ಆಯಿ ಸಮಾಧಾನಕ್ಕೆ ಎದುರಿಗಿದ್ದ ಕಲ್ಲಿಗೆ ಕುಂಕುಮ ಹಚ್ಚಿ, ಒಂದು ಹನಿ ಎಣ್ಣೆ ಬಿಟ್ಟು ಕೈಮುಗಿದಳು.

ಮುಂದಿನ ಸಲ ಹೋದಾಗ ಆ ಕಲ್ಲಿಗೆ ಹಸಿರು ಸೀರೆ, ಮೂಗುತಿ. ಮಂಗಳವಾರಕ್ಕೆ ತೆಂಗಿನಕಾಯಿ. ಬಸುರಿಯರ ಸಾಲು.

ಇಷ್ಟರಲ್ಲಿ ಮೋಜಣಿಯವರು ಸರಪಳಿ ಹಿಡಿದು ಅಳೆದು, ಕಲ್ಲು ತಪ್ಪು ಜಾಗದಲ್ಲಿದೆ, ಕಿತ್ತು ಪೂರ್ವಕ್ಕೆ ಹಾಕಬೇಕು ಎಂದು ಹೇಳಿದರು. ಕೀಳಿಸುವ ಹುಕುಂ ನಮ್ಮ ಜಮಾದಾರರ ಕೊರಳಿಗೆ ಬಿತ್ತು. ಅವರು ಗಣಿಯಿಂದ ಹಾರೆಯವರನ್ನು ಕರೆತಂದರು. ದಿನವೂ ಬಂಡೆ ಎಬ್ಬಿಸುವ ಆಳುಗಳು ಆ ಮೊಳದುದ್ದದ ಕಲ್ಲಿನ ಮುಂದೆ ಹಾರೆ ಕೆಳಗಿಟ್ಟು ಕೈಕಟ್ಟಿ ನಿಂತರು.

"ಎಬ್ಬಸ್ರಿ" ಅಂದರು ಜಮಾದಾರರು.

"ಸೀರಿ ಉಟ್ಟಾಕಿನ್ನ ಹ್ಯಾಂಗ ಎಬ್ಬಸೂದ್ರಿ ಸಾಹೇಬ? ನೀವ ಮೊದಲ ಕೈ ಹಚ್ರಿ."

ಜಮಾದಾರರು ಕೈ ಹಚ್ಚಲಿಲ್ಲ. ಕೊನೆಗೆ ಇದ್ದ ಕಲ್ಲನ್ನು ಇದ್ದಲ್ಲೇ ಬಿಟ್ಟು, ಮೋಜಣಿಯವರು ತೋರಿಸಿದ ಜಾಗಕ್ಕೆ ಹೊಸ ಕಲ್ಲು ಹಾಕಿಸಿದರು. ಮರುದಿನ ಬೆಳಗಾದರೆ ಹೊಸ ಕಲ್ಲಿಗೂ ಸೀರೆ. ಹಳೆಯದು ಅಕ್ಕ, ಹೊಸದು ತಂಗಿ. ನಡುವೆ ಉಳಿದ ಪಟ್ಟಿ ಯಾರದು ಎಂದು ದಿವಾನಿಯವರೂ ಹೇಳಲಿಲ್ಲ, ಪಾಯಗಾದವರೂ ಹೇಳಲಿಲ್ಲ. ನನಗಂತೂ ಸ್ವರ್ಗ ಸಿಕ್ಕಂತಾಯಿತು. ಆ ಪಟ್ಟಿಯಲ್ಲೊಂದು ತಟ್ಟಿ ಗುಡಿಸಲು ಹಾಕಿಸಿದೆ. ಎರಡೂ ಕಡೆಯ ಹೆಂಗಸರು ಬಂದು ಹಡೆದು ಹೋದರು. ಜಮಾದಾರರು ತಂಗಿ ಕಲ್ಲಿನ ಆಚೆ ನಿಂತು "ಬಾಯಾರ, ಇದು ಸರಿ ಅಲ್ರಿ" ಅನ್ನುತ್ತಿದ್ದರು. ನಾನು ಒಳಗಿಂದ "ಯಾರ ನೆಲದಾಗ ಇದ್ದೀನಿ, ಹೇಳ್ರಿ ನೋಡೋಣ" ಅನ್ನುತ್ತಿದ್ದೆ.

ಈ ಉತ್ತರ ಅವರ ಮೇಲಿನ ಅಮೀನರ ಕಿವಿಗೆ ಹೋಯಿತು. ಅಮೀನರು ಜಮಾದಾರರಂಥವರಲ್ಲ. ಸಿಟ್ಟಿಗೆದ್ದು ನನ್ನ ಮೇಲೆ ಸಮನ್ಸು ಹೊರಡಿಸಿಯೇ ಬಿಟ್ಟರು: ಈ ಬಾಯಿ ಪಾಯಗಾದ ನೆಲದ ಮೇಲೆ ಕಾಲಿಟ್ಟ ಕ್ಷಣ ಕೈಗೆ ಕೊಡತಕ್ಕದ್ದು. ಕೊಡಬೇಕಾದವರು ಜಮಾದಾರರು.

ಸುದ್ದಿ ಕೇಳಿ ನಾನು ಗುಡಿಸಲು ಬಿಚ್ಚಿಸಲು ಹೋದೆ. ಅಂದು ಮಂಗಳವಾರ. ತಂಗಿ ಕಲ್ಲಿನ ಮುಂದೆ ಯಾರೋ ಗಂಡಸು ಬೂಟು ಬಿಚ್ಚಿಟ್ಟು, ಕಣ್ಣು ಮುಚ್ಚಿ, ಕಾಯಿ ಒಡೆಯುತ್ತಿದ್ದ. ನೋಡಿದರೆ ಜಮಾದಾರರು. ನನ್ನನ್ನು ಕಂಡು ಮೀಸೆಯವರೆಗೆ ಕೆಂಪಾದರು.

"ಮನ್ಯಾಗ ಆಕಿಗಿ ದಿನಾ ತುಂಬ್ಯಾವರಿ" ಅಂದರು. ಆಮೇಲೆ ಗಂಟಲು ಸರಿಮಾಡಿಕೊಂಡು, ಕಾಯಿಯ ಒಂದು ಹೋಳು ಹದ್ದಿನ ಮೇಲಿಂದ ನನ್ನ ಕಡೆ ಚಾಚಿ, "ಕಾಯಿ ತಗೋರಿ. ಸಮನ್ಸು ಆಮ್ಯಾಲ" ಅಂದರು.

ಕೋಟಿಗೆ ಸಲಾಮು

ನಮ್ಮ ಸೀಮೆಯಲ್ಲಿ ಎಲ್ಲಿಗೆ ಹೋಗುವವರಾದರೂ ವಾಡಿ ಸ್ಟೇಷನ್ನಿಗೆ ಬಂದು ಗಾಡಿ ಬದಲಿಸಬೇಕು. ಇದು ಜಮಾದಾರರಿಗೂ ಗೊತ್ತಿತ್ತು. ಆದ್ದರಿಂದ ಅವರು ಅಲ್ಲೇ ಕಾದರು. ಆದರೆ ಗಾಡಿ ನಿಲ್ಲುವ ನೆಲ ರೇಲ್ವೆಯದು, ಅಂದರೆ ಇಂಗ್ಲಿಷರ ಕಾಯ್ದೆಯದು. ಅಲ್ಲಿ ದಿವಾನಿಯ ಮಾತೂ ನಡೆಯದು, ಪಾಯಗಾದ ಮಾತೂ ನಡೆಯದು. ನಾನು ಪ್ಲಾಟ್‌ಫಾರಂ ಮೇಲೆ ಪೆಟ್ಟಿಗೆಯ ಮೇಲೆ ಕೂತಿದ್ದೆ. ಅವರು ತಂತಿ ಬೇಲಿಯ ಆಚೆ, ಪಾಯಗಾದ ನೆಲದಲ್ಲಿ ನಿಂತಿದ್ದರು.

"ಬಾಯಾರ, ಹೊರಗ ಬರ್ರಿ. ಮರ್ಯಾದಿಲಿಂದ ಕೊಡ್ತೀನಿ."

"ನೀವ ಒಳಗ ಬರ್ರಿ. ಚಹಾ ಕುಡಿಯೂಣು."

"ನೌಕರಿ ಮ್ಯಾಲ ಇದ್ದೀನ್ರಿ. ಇಲ್ಲಿ ಬರ್ಲಿಕ್ಕ ಬರಂಗಿಲ್ಲ."

ಗಾಡಿ ತಡವಾಯಿತು. ಬಿಸಿಲು ಏರಿತು. ಚಹಾದವನು ನಮ್ಮ ನಡುವೆ ಓಡಾಡುತ್ತ ಏಲಕ್ಕಿ ವಾಸನೆಯನ್ನು ಅವರ ಕಡೆ ಬಿಡುತ್ತಿದ್ದ. ಕೊನೆಗೆ ಜಮಾದಾರರು ಒಂದು ತೀರ್ಮಾನಕ್ಕೆ ಬಂದರು. ಕೋಟು ಬಿಚ್ಚಿ ಬೇಲಿಯ ಕಂಬಕ್ಕೆ ತೊಡಿಸಿದರು. ಅದರ ಮೇಲೆ ಬಿಲ್ಲೆ, ಪಟ್ಟಾ. ಕಂಬದ ತುದಿಗೆ ತಲೆಯ ಪಟಗ ಇಟ್ಟರು. ಬರಿಯ ಅಂಗಿ, ಬರಿಯ ತಲೆಯಲ್ಲಿ ಬೇಲಿ ಸುತ್ತಿ ಒಳಗೆ ಬಂದು ನನ್ನ ಎದುರಿಗೆ ಕೂತರು.

"ಜಮಾದಾರ ಅಲ್ಲಿ ನಿಂತಾನ್ರಿ" ಅಂದರು ಕಂಬ ತೋರಿಸಿ. "ಇಲ್ಲಿ ಚಹಾ ಕುಡಿಲಿಕ್ಕ ಬಂದಾಂವ ನಾ."

ಚಹಾ ಕುಡಿಯುತ್ತ ಮನಸ್ಸು ಬಿಚ್ಚಿದರು. ಹೆಂಡತಿಯ ಮೊದಲ ಕೂಸು ಉಳಿದಿರಲಿಲ್ಲ. ಇದು ಎರಡನೆಯದು. ಊರ ಸೂಲಗಿತ್ತಿಯ ಮೇಲೆ ಅವರಿಗೆ ಧೈರ್ಯವಿರಲಿಲ್ಲ. ಯಾರ ಮೇಲೆ ಧೈರ್ಯವಿತ್ತೆಂದು ಅವರು ಹೇಳಲಿಲ್ಲ, ನಾನೂ ಕೇಳಲಿಲ್ಲ. ಚಹಾದವನಿಗೆ ಹೇಳಿ ಅವರ ಬಸಿಗೆ ಇನ್ನೊಂದಿಷ್ಟು ಚಹಾ ಹಾಕಿಸಿದೆ.

ಅಷ್ಟರಲ್ಲಿ ಬೇಲಿಯ ಹೊರಗೆ ಕಣ್ಣಿಗೆ ಪೊರೆ ಬಂದ ಒಬ್ಬ ಮುದುಕ ರೈತ ಬಂದ. ಕಂಬದ ಮುಂದೆ ನಿಂತು, ಬಗ್ಗಿ ಸಲಾಮು ಮಾಡಿ, "ಜಮಾದಾರ ಸಾಹೇಬ್ರ, ಬಾಜೂ ಮನಿಯಾಂವನ ಎಮ್ಮಿ ನನ್ನ ಜೋಳಾ ಪೂರಾ ಮೇದದರಿ. ನೀವ ನ್ಯಾಯಾ ಮಾಡ್ರಿ" ಎಂದು ಶುರುಮಾಡಿದ. ಎಮ್ಮೆಯ ಬಣ್ಣ, ನಡತೆ, ಅದರ ಯಜಮಾನನ ಮನೆತನ, ಎಲ್ಲ ಹೇಳಿದ. ಕಂಬ ಸುಮ್ಮನೆ ಕೇಳಿತು.

ಜಮಾದಾರರಿಗೆ ಕನಿಕರ ಬಂತು. ಬಸಿ ಕೆಳಗಿಟ್ಟು ಒಳಗಿಂದಲೇ ಕೂಗಿದರು: "ಯಜಮಾನ, ನಾಳಿ ಚಾವಡಿಗಿ ಬಾ, ನೋಡೋಣ!"

ಮುದುಕ ಗರಕ್ಕನೆ ತಿರುಗಿದ. "ನೀ ಯಾವಂವಲೇ ನಡುವ ಬಾಯಿ ಹಾಕಾಂವ? ನಾ ಸಾಹೇಬ್ರ ಜೋಡಿ ಮಾತಾಡ್ಲಿಕತ್ತೀನಿ!"

ಕಾಗಿಣಾದ ಆ ದಂಡೆ

ಇದಾಗಿ ಸ್ವಲ್ಪ ದಿನಕ್ಕೆ ನಾನು ಮಳಖೇಡದಲ್ಲಿ ಆಯಿಯ ಮನೆಯಲ್ಲಿದ್ದೆ. ಮನೆಯ ಮುಂದೆ ಕಾಗಿಣಾ. ಈ ದಂಡೆ ದಿವಾನಿ, ಆ ದಂಡೆ ಪಾಯಗಾ, ನಡುನೀರು ಹದ್ದು. ಬೇಸಿಗೆಯಾದ್ದರಿಂದ ಮೊಳಕಾಲ ತನಕ ನೀರು. ಬೆಳಗ್ಗೆ ಮುಖ ತೊಳೆಯಲು ಇಳಿದರೆ ಹೊಳೆಯ ನಟ್ಟನಡುವೆ ಜಮಾದಾರರು ನಿಂತಿದ್ದರು. ಪಟಗ ಇರಲಿಲ್ಲ. ಕೂಗಿ ಕೂಗಿ ದನಿ ಬಿದ್ದಿತ್ತು.

"ಬಾಯಾರ, ಕೂಸು ಅಡ್ಡ ಆಗ್ಯದಂತರಿ! ಸೂಲಗಿತ್ತಿ ಕೈ ಚೆಲ್ಲ್ಯಾಳ!"

ನಾನು ಚೀಲ ತರಲು ಆಯಿಗೆ ಹೇಳಿ ದಂಡೆಗೆ ಬಂದೆ. "ಸಮನ್ಸು ಎಲ್ಲದ?"

ಅವರು ಎದೆ ಮುಟ್ಟಿಕೊಂಡರು. "ಕಿಸೇದಾಗ ಅದರಿ."

"ನಾ ನಿಮ್ಮ ನೆಲದ ಮ್ಯಾಲ ಕಾಲಿಟ್ರ?"

"ಕೊಡಬೇಕಾಗ್ತದರಿ." ಹೇಳುವಾಗ ಕಣ್ಣು ತುಂಬಿತ್ತು. ಸುಳ್ಳು ಹೇಳಲು ಬಾರದ ಮನುಷ್ಯನಿಗೆ ದೇವರು ಮೀಸೆಯನ್ನಾದರೂ ಯಾಕೆ ಕೊಟ್ಟನೋ.

ನಾನು ಅಣ್ಣನ ಅಡಿಗೆಮನೆಯನ್ನು ಒಂದು ಸಲ ನೆನೆದೆ. ಆಮೇಲೆ ಸೀರೆಯ ನೆರಿಗೆ ಮೇಲಕ್ಕೆ ಸಿಕ್ಕಿಸಿ ನೀರಿಗೆ ಇಳಿದೆ. ಹೋದರೆ ಹೋಗಲಿ ನೌಕರಿ.

"ನಿಂದ್ರಿ, ನಿಂದ್ರಿ!" ಜಮಾದಾರರು ಎರಡೂ ಕೈ ಎತ್ತಿ ತಡೆದರು. ಅವರ ಮುಖದಲ್ಲಿ ಏನೋ ಹೊಳೆದಿತ್ತು. "ಬಾಯಾರ, ಅವತ್ತು ಹೊರಸಿನ ಮ್ಯಾಲ ಇದ್ರಿ. ನೆಲಕ್ಕ ಕಾಲು ಹತ್ತಿಲ್ಲಂದ್ರ ಗುನ್ಹೆ ಇಲ್ಲ!"

ಹೊರಸು ಬಂತು. ಹೊರಲು ಆಯಿಯ ಮನೆಯ ನಾಲ್ಕು ಅಂಬಿಗರೂ ಬಂದರು. ನಾನು ಹತ್ತಿ ಕೂತು ಚೀಲ ತೊಡೆಯ ಮೇಲೆ ಇಟ್ಟುಕೊಂಡೆ. ಆಗ ಆಯಿ ಅಂದಳು: "ಅಲ್ಲಿ ಹೋಗಿ ಹೊರಸಿನ ಮ್ಯಾಲ ಕುಂತು ಅಡ್ಡ ಕೂಸು ತಿರಗಸ್ಲಿಕ್ಕ ಬರ್ತದೇನು? ಕಾಲೂರಿ ನಿಂದ್ರಲಿಕ್ಕ ನೆಲ ಬೇಕು." ಹೇಳುತ್ತಲೇ ಬುಟ್ಟಿ ತಂದು ಮಳಖೇಡದ ದಂಡೆಯ ಉಸುಕು ತುಂಬತೊಡಗಿದಳು. ಒಂದು ಬುಟ್ಟಿ ಅವಳ ತಲೆಯ ಮೇಲೆ, ಒಂದು ಜಮಾದಾರರ ತಲೆಯ ಮೇಲೆ. "ಇದು ದಿವಾನಿ ನೆಲ. ಎಲ್ಲಿ ಹಾಕಿದ್ರೂ ದಿವಾನಿನೇ."

ಹೀಗೆ ನಮ್ಮ ಮೆರವಣಿಗೆ ಆ ದಂಡೆಯ ಊರನ್ನು ಹೊಕ್ಕಿತು. ಮುಂದೆ ತಲೆ ಮೇಲೆ ಬುಟ್ಟಿ ಹೊತ್ತ ಜಮಾದಾರರು, ನಡುವೆ ನಾಲ್ವರ ಹೆಗಲ ಮೇಲೆ ನಾನು, ಹಿಂದೆ ಆಯಿ. ಕಟ್ಟೆಯ ಮೇಲೆ ಕೂತಿದ್ದ ಮುದುಕಿಯೊಬ್ಬಳು ಎದ್ದು ನಿಂತಳು. ಮಲಗಿಸಿ ಒಯ್ದಿದ್ದರೆ ಬೇರೆ ಮಾತು, ನಾನು ಕೂತಿದ್ದೆ. ನಮ್ಮ ಕಡೆ ಲಿಂಗಾಯತರು ಸತ್ತವರನ್ನು ಕೂರಿಸಿಯೇ ಒಯ್ಯುತ್ತಾರೆ. "ಯಾರೋ ಪುಣ್ಯವಂತಿ, ಶಿವನ ಪಾದ ಸೇರ್ಯಾಳ" ಎಂದು ಆಕೆ ಭಕ್ತಿಯಿಂದ ನನಗೆ ಕೈ ಮುಗಿದಳು.

ಹಿರಿಯರು ಕೈ ಮುಗಿದರೆ ಸುಮ್ಮನಿರಲಾದೀತೆ? ನಾನೂ ಕೈ ಮುಗಿದೆ.

ಆಕೆಯ ಚೀರಾಟ ಜಮಾದಾರರ ಮನೆ ಮುಟ್ಟುವವರೆಗೂ ನಮ್ಮ ಹಿಂದೆ ಬಂತು.

ಮನೆಯೊಳಗೆ ಹೊರಸನ್ನು ಹಾಸಿಗೆಯ ಪಕ್ಕಕ್ಕೆ ತಂದರು. ಆಯಿ ಎರಡೂ ಬುಟ್ಟಿ ಉಸುಕನ್ನು ನೆಲಕ್ಕೆ ಹರವಿ, ಅದರ ಮೇಲೊಂದು ಚಾಪೆ ಹಾಕಿದಳು. ನಾನು ಹೊರಸಿನಿಂದ ನೇರ ದಿವಾನಿಗೆ ಇಳಿದೆ. ಮುಂದಿನದು ನಗುವ ಮಾತಲ್ಲ. ಹುಡುಗಿ ಸೋತುಹೋಗಿದ್ದಳು, ಕೈಕಾಲು ತಣ್ಣಗಾಗಿದ್ದವು. ಆ ಚಾಪೆಯ ಮೇಲೆ ಎರಡೂ ಕಾಲು ಗಟ್ಟಿಯಾಗಿ ಊರಿ ಕೂಸನ್ನು ತಿರುಗಿಸತೊಡಗಿದೆ. ಆಯಿ ಅವಳ ತಣ್ಣಗಾದ ಅಂಗಾಲು ತಿಕ್ಕುತ್ತಲೇ ಇದ್ದಳು. ಹೊರಗೆ ಜಮಾದಾರರ ಬೂಟು ಅತ್ತಿಂದಿತ್ತ, ಇತ್ತಿಂದತ್ತ ಸಪ್ಪಳ ಮಾಡುತ್ತಿತ್ತು. ಮಧ್ಯಾಹ್ನದ ಹೊತ್ತಿಗೆ ಕೂಸು ಅತ್ತಿತು. ಆ ಕೂಡಲೇ ಬೂಟಿನ ಸಪ್ಪಳ ನಿಂತಿತು.

"ತಾಯಿ?" ಹೊರಗಿಂದ ಮೊದಲ ಮಾತು ಅದು.

"ಛಲೋ ಇದ್ದಾಳ. ಹೆಣ್ಣು ಕೂಸು. ಮೀಸಿ ಒಂದ ಇಲ್ಲ, ಮಾರಿ ಪೂರಾ ನಿಮ್ಮದ" ಅಂದಳು ಆಯಿ.

ಗೋಡೆಯ ಆಚೆ ಆ ದೊಡ್ಡ ಆಳು ಬಿಕ್ಕಿ ಬಿಕ್ಕಿ ಅಳುವುದು ಕೇಳಿಸಿತು. ಅತ್ತು ಮುಗಿಸಿ, ಮುಖ ತೊಳೆದು, ಪಟಗ ಸುತ್ತಿ ಬಾಗಿಲಿಗೆ ಬಂದರು. ಕಿಸೆಯಿಂದ ಸಮನ್ಸು ತೆಗೆದರು. ನಾನು ಚಾಪೆ ಬಿಟ್ಟು ಕದಲಲಿಲ್ಲ. ಅವರು ಅದರ ಹಿಂದೆ ನಿಧಾನವಾಗಿ ಬರೆದು, ಗಟ್ಟಿಯಾಗಿ ಓದಿದರು: ಸದರಿ ಬಾಯಿ ನಮ್ಮ ಇಲಾಖೆಯ ನೆಲದ ಮೇಲೆ ಕಾಲಿಟ್ಟಿಲ್ಲ, ನನ್ನ ಕಣ್ಣಿನಿಂದ ನೋಡಿದ್ದೇನೆ, ಸಮನ್ಸು ವಾಪಸು. ಅದರಲ್ಲಿ ಒಂದಕ್ಷರ ಸುಳ್ಳಿರಲಿಲ್ಲ. ಆ ಕಾಗದ ಅಮೀನರ ಕಚೇರಿಗೆ ಹೋಯಿತು. ಅಮೀನರು ಜಮಾದಾರರ ಮಾತನ್ನು ಅಲ್ಲಗಳೆಯುವಂತಿರಲಿಲ್ಲ. ಅವರು ಸುಳ್ಳು ಹೇಳುವುದಿಲ್ಲ ಎಂದು ಇಡೀ ಪಾಯಗಾಕ್ಕೆ ಗೊತ್ತಿತ್ತು. ಅಣ್ಣನಿಗೆ ಯಾವ ಫಿರ್ಯಾದವೂ ಮುಟ್ಟಲಿಲ್ಲ. ಅವನ ಹೆಂಡತಿ, ನಮ್ಮ ವೈನಿ, ಮಡಿ ಅಡಿಗೆಯನ್ನು ತಾನೇ ಮಾಡಿಕೊಂಡಳು.

ಆದರೆ ಅಂದಿನ ಕತೆ ಇನ್ನೂ ಮುಗಿದಿರಲಿಲ್ಲ. ಎದೆಯ ಮೇಲಿನ ಬಂಡೆ ಇಳಿದ ಸಂತೋಷದಲ್ಲಿ ನಾನು ಕೈ ತೊಳೆದು, ಸಕ್ಕರೆ ಬಾಯಿಗೆ ಹಾಕಿಕೊಂಡು, ಚೀಲ ಎತ್ತಿಕೊಂಡು ಸೀದಾ ಹೊರಗೆ ನಡೆದುಬಿಟ್ಟೆ. ಊರ ಬಾಗಿಲು ದಾಟಿದ ಮೇಲೆ ನೆನಪಾಯಿತು. ಹೊರಸು ಅಲ್ಲೇ, ಅಂಬಿಗರು ಅಲ್ಲೇ, ನನ್ನ ಎರಡೂ ಬರಿಗಾಲು ಪಾಯಗಾದ ಧೂಳಿನಲ್ಲಿ.

ಹಿಂತಿರುಗಿ ನೋಡಿದೆ. ಆಯಿಯ ಹಿಂದೆ ಜಮಾದಾರರು ಬರುತ್ತಿದ್ದರು. ದಿವಾನಿಯ ಮಾಲು ದಿವಾನಿಗೆ ಸೇರಬೇಕು ಎಂದು ಉಸುಕನ್ನೆಲ್ಲ ಗುಡಿಸಿ ಒಂದೇ ಬುಟ್ಟಿಗೆ ಒತ್ತಿ ತುಂಬಿ ಹೆಗಲ ಮೇಲೆ ಇಟ್ಟುಕೊಂಡಿದ್ದರು. ಇನ್ನೊಂದು ಖಾಲಿ ಬುಟ್ಟಿ ಕೈಯಲ್ಲಿ. ಕಣ್ಣು ಮಾತ್ರ ಮುಗಿಲಿನ ಮೇಲೆ. ಕೆಳಗೆ ನೋಡಿದರೆ ನನ್ನ ಕಾಲು ಕಾಣುತ್ತದೆ, ಕಂಡರೆ ಸುಳ್ಳು ಹೇಳಲಾಗದು. ಆದ್ದರಿಂದ ಆ ಸತ್ಯವಂತ ಮುಗಿಲು ನೋಡುತ್ತಲೇ ನಡೆದರು. ಕಲ್ಲು ಎಡವಿದರು, ಒಂದು ಆಡನ್ನು ತುಳಿದರು, ಜಾಲಿ ಗಿಡಕ್ಕೆ ಪಟಗ ಸಿಕ್ಕಿಸಿದರು, ಕಣ್ಣು ಕೆಳಗಿಳಿಸಲಿಲ್ಲ.

"ಮುಗಲಾಗ ಏನದರಿ ಸಾಹೇಬ?" ಆಯಿ ಕೇಳಿದಳು.

"ಹದ್ದಿಲ್ಲ" ಅಂದರು.

ನಾನು ಹೊಳೆ ದಾಟಿ ಮಳಖೇಡದ ದಂಡೆ ಹತ್ತಿ ನಿಂತೆ. ಬದುಕಿದೆ ಅಂದುಕೊಂಡೆ. ಅವರು ಹಾಗೇ ಮುಗಿಲು ನೋಡುತ್ತ ನೀರಿಗಿಳಿದರು, ನಡುನೀರು ಬಂತು, ದಾಟಿತು, ನೀರು ಮುಗಿಯಿತು, ದಂಡೆ ಹತ್ತಿದರು, ನಮ್ಮ ನಡುವೆಯೇ ಹಾದು ಆಯಿಯ ಅಂಗಳದ ತನಕ ಬಂದು ನಿಂತರು.

ಆಯಿ ಸೊಂಟದ ಮೇಲೆ ಕೈ ಇಟ್ಟಳು. "ಸಾಹೇಬ, ಇದು ದಿವಾನಿ. ಪರವಾನಗಿ ಅದೇನ್ರಿ?"

ಜಮಾದಾರರು ಆಗ ಕೆಳಗೆ ನೋಡಿದರು. ಅವರ ಬೂಟಿನ ಕೆಳಗೆ ಆಯಿಯ ಸಾರಿಸಿದ ಅಂಗಳ. ಮುಖ ಬಿಳಿಚಿತು. ಕೈಯಲ್ಲಿದ್ದ ಖಾಲಿ ಬುಟ್ಟಿಯನ್ನು ಕೂಡಲೇ ಬೋರಲು ಹಾಕಿ, ಹೆಗಲ ಮೇಲಿನ ಉಸುಕಿನ ಸಮೇತ ಒಂದೇ ಜಿಗಿತಕ್ಕೆ ಅದರ ಮೇಲೆ ಹತ್ತಿ, ಎರಡೂ ಕಾಲು ಜೋಡಿಸಿ ಕೊಕ್ಕರೆಯ ಹಾಗೆ ನಿಂತರು. ಆಮೇಲೆ ನನ್ನ ಕಡೆ ತಿರುಗಿ ಬಹಳ ಮರ್ಯಾದೆಯಿಂದ ಅಂದರು:

"ಬಾಯಾರ, ಜರಾ ಒಂದು ಹೊರಸು ತರಸ್ತೀರೇನ್ರಿ?"